ಮೇಲಿನವರು

ನಮ್ಮೂರಲ್ಲಿ ಮೇಲಿನವರೆಂದರೆ ನಾವೇ.
ಬೇಕಾದರೆ ಕತ್ತೆತ್ತಿ ನೋಡಿ:
ಲೀಮಾ ಪಟ್ಟಣದ ತೆಂಕಣ ಅಂಚಿಗೆ
ಒಂದು ಹುಲ್ಲುಕಡ್ಡಿಯೂ ಇಲ್ಲದ ಬೂದಿಬಣ್ಣದ ಗುಡ್ಡ,
ಗುಡ್ಡಕ್ಕೆ ಅಂಟಿಕೊಂಡ ಹಲಗೆ ಮನೆಗಳು,
ಇನ್ನೂರ ಎಂಬತ್ತೇಳು ಮೆಟ್ಟಿಲು.
ಮೊದಲ ನೂರಕ್ಕೆ ಮಾತ್ರ ಹಳದಿ ಬಣ್ಣ.
ಅಷ್ಟರಲ್ಲಿ ಚುನಾವಣೆ ಮುಗಿದಿತ್ತು.

ಮಂಗಳವಾರ, ಶುಕ್ರವಾರ ನೀರಿನ ಲಾರಿ.
ಅಪೊಲಿನಾರ್ ಹಾರ್ನ್ ಹೊಡೆದರೆ ನಾಯಿಗಳಿಗೂ ಗೊತ್ತು.
ಅವನ ಕೊಳವೆ ನೂರ ಹತ್ತನೇ ಮೆಟ್ಟಿಲಿಗೆ ನಿಲ್ಲುತ್ತದೆ,
ಅಲ್ಲಿಂದಾಚೆ ನೀರಿಗೆ ನಮ್ಮದೇ ಕಾಲು.
ಅವ್ವ ಹೆರ್ಮೆಲಿಂದಾಗೆ ಎರಡು ಬಕೀಟು,
ನನಗೆ ಎಣ್ಣೆ ಡಬ್ಬಿ, ತಮ್ಮ ವಿಲ್ಬೆರ್‌ಗೆ ಸೊಟ್ಟ ಕೆಟಲಿ.
ಏರುವಾಗ ಮಾತಾಡಬಾರದು, ತುಳುಕುತ್ತದೆ.
ನಾನು ಮೌನ ಕಲಿತದ್ದು ಹಾಗೆ,
ಇಗರ್ಜಿಯಲ್ಲಲ್ಲ.

ಪಾತ್ರೆ ತೊಳೆದ ನೀರಲ್ಲಿ ಕಾಲು,
ಕಾಲು ತೊಳೆದ ನೀರು ಬಾಗಿಲ ಮುಂದಿನ ಜೆರೇನಿಯಂಗೆ.
ಒಂದೇ ಒಂದು ಗಿಡ, ಹಾಲಿನ ಪುಡಿಯ ಡಬ್ಬದಲ್ಲಿ.
ಬಂದವರಿಗೆಲ್ಲ ಅವ್ವ ಅದನ್ನು
ನನ್ನ ತೋಟ ಎಂದೇ ತೋರಿಸುತ್ತಿದ್ದಳು.

"ಚೆನ್ನಾಗಿ ಓದಿ ಮೇಲೆ ಬಾ" ಎಂದರು ಮೇಷ್ಟ್ರು.
ನಾನು ಕಿಟಕಿಯಿಂದ ಮೇಲೆ ನೋಡಿದೆ:
ಮೇಲೆ ನಮ್ಮ ಮನೆ, ಅದರ ಮೇಲೆ
ಮೊನ್ನೆ ಬಂದವರ ಚಾಪೆಯ ಗೋಡೆ,
ಅದರ ಮೇಲೆ ಎಂದೂ ಸುರಿಯದ ಮೋಡ.
ಇನ್ನೂ ಎಲ್ಲಿಗೆ?

ಕೆಳಗೆ ಹೋದೆ.
ಇಬ್ಬರ ಫೀಸಿಗೆ ದುಡ್ಡಿರಲಿಲ್ಲ.
ನಾಣ್ಯವನ್ನೇನೂ ಯಾರೂ ಚಿಮ್ಮಲಿಲ್ಲ,
ನನಗೆ ಕೆಮ್ಮಿತ್ತು, ಅವನಿಗೆ ತೋಳಿತ್ತು.
ವಿಲ್ಬೆರ್ ಈಗಲೂ ಮೆಟ್ಟಿಲ ಬುಡದಲ್ಲಿ
ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಾನೆ;
ನನ್ನಿಂದ ಕಾಸು ತೆಗೆದುಕೊಳ್ಳುವುದಿಲ್ಲ.

ಆರು ವರ್ಷ ಬಸ್ಸು, ರಾತ್ರಿ ಕಾಲೇಜು,
ಬೇರೆಯವರ ಮಕ್ಕಳ ಬಟ್ಟೆಗೆ ಇಸ್ತ್ರಿ.
ಅರ್ಜಿಯಲ್ಲಿ ಚಿಕ್ಕಮ್ಮನ ವಿಳಾಸ ಬರೆದೆ.
ಗುಡ್ಡದ ಹೆಸರು ಕಂಡರೆ ಕರೆಯುವುದಿಲ್ಲ
ಎಂದು ಅವಳೇ ಹೇಳಿದ್ದಳು.
ಈಗ ನೀರು ಸರಬರಾಜು ಕಂಪನಿಯ ಮೂರನೇ ಮಹಡಿ,
ತಿರುಗುವ ಕುರ್ಚಿ,
ಕೊರಳಲ್ಲಿ ನನ್ನ ಮುಖವೇ ನೇತಾಡುವ ಚೀಟಿ.

ಮೊದಲ ತಿಂಗಳೇ, ಕೈ ಸುಮ್ಮನಿರದೆ, ಲೆಕ್ಕ ಹಾಕಿದೆ:
ಹುಲ್ಲುಹಾಸು, ಈಜುಕೊಳ, ಎರಡು ಕಾರು ತೊಳೆಯುವ ಮನೆ
ಸಾವಿರ ಲೀಟರಿಗೆ ಕೊಡುವ ದುಡ್ಡು,
ಅವ್ವ ಒಂದು ಪೀಪಾಯಿಗೆ ಕೊಡುವ ದುಡ್ಡು.
ಪೀಪಾಯಿ ಎಂದರೆ ಇನ್ನೂರು ಲೀಟರು.
ಎರಡು ಸಲ ಮಾಡಿದೆ. ಮೂರನೆಯ ಸಲ
ಪೆನ್ನಿಗೆ ಮುಚ್ಚಳ ಹಾಕಿಟ್ಟೆ.
"ಲೆಕ್ಕ ತಪ್ಪಿತೇ?" ಪಕ್ಕದ ಮೇಜಿನ ಫಿಯೊರೆಲಾ ಕೇಳಿದಳು.
ಇಲ್ಲ, ಸರಿಯಾಗಿಯೇ ಇದೆ, ಎಂದೆ.

ಊಟದ ಹೊತ್ತಿಗೆ ಯಾರೋ ಹೇಳುತ್ತಾರೆ
ಗುಡ್ಡದವರಿಗೆ ಎಲ್ಲವೂ ಬಿಟ್ಟಿ ಬೇಕು ಎಂದು.
ನಾನು ಅನ್ನ ಅಗಿಯುತ್ತೇನೆ.
ಕೈಯಲ್ಲಿ ಡಬ್ಬಿಯಿಲ್ಲ, ಕಾಲಡಿ ಮೆಟ್ಟಿಲಿಲ್ಲ,
ಆದರೂ ಬಾಯಿ ತೆರೆದರೆ
ಇಷ್ಟು ದೂರ ಹೊತ್ತು ತಂದದ್ದು ತುಳುಕೀತು.

ಕಳೆದ ಭಾನುವಾರ ಅವ್ವ ನನ್ನ ಬಾಡಿಗೆ ಕೋಣೆಗೆ ಬಂದಳು.
ನಲ್ಲಿ ತಿರುಗಿಸಿದಳು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು.
ಕೈ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು
ಎಲ್ಲಿ ಚೆಲ್ಲುವುದೆಂದು ತಿಳಿಯದೆ
ನಡುಮನೆಯಲ್ಲಿ ನಿಂತೇ ಇದ್ದಳು.
"ಇದಕ್ಕೆಷ್ಟು?" ಎಂದಳು ಕೊನೆಗೆ.
ಹೇಳಿದೆ.
ತುಂಬ ಹೊತ್ತು ಬೆರಳು ಮಡಿಸಿದಳು, ಬಿಡಿಸಿದಳು.
"ಅಪೊಲಿನಾರ್‌ಗೆ ಹೇಳಬೇಡ,
ಪಾಪ, ಅವನಿಗೂ ಮೂರು ಮಕ್ಕಳು."

ಹೊರಡುವಾಗ ಚೀಲ ಒಂದು ಕಡೆಗೆ ವಾಲುತ್ತಿತ್ತು:
ಎರಡು ಬಾಟಲಿ, ಬಿರಡೆಗೆ ಬಟ್ಟೆ ಸುತ್ತಿ.
ಏನಿದು ಎಂದೆ.
ಕದ್ದು ಸಿಕ್ಕಿಬಿದ್ದವಳ ಹಾಗೆ ನಕ್ಕಳು.
"ತೋಟಕ್ಕೆ."